ಓವರ್ ಬುಕ್ ಕಲಿಸಿದ ಪಾಠ: ನನ್ನ ಅನುಭವ

ನಮ್ಮದು ಸುಮಾರು 150 ಹಾಸಿಗೆಯ ಆಸ್ಪತ್ರೆ, ಅಲ್ಲಿ ಐಟಿ ಕೆಲಸ ನನ್ನದು. ಓವರ್ ಬುಕ್ ಅಂದರೆ ಡ್ಯೂಟಿ ಬದಲಾಗುವಾಗ ಸಿಸ್ಟರುಗಳು ಪೇಷಂಟುಗಳ ವಿವರ ಬರೆದು ಮುಂದಿನವರಿಗೆ ಒಪ್ಪಿಸುವ ಪುಸ್ತಕ; ಹಾಗೆ ಒಪ್ಪಿಸೋದೇ ಓವರ್ ಕೊಡೋದು. ವಾರ್ಡಿನ ದಾಖಲೆ ಕಂಪ್ಯೂಟರಿಗೆ ಬರೋದೇ ಇಲ್ಲ ಅಂತ ಆಡಳಿತದವರು, ಡಾಕ್ಟರು, ಕೊನೆಗೆ ಸಾಫ್ಟ್‌ವೇರ್ ಕೊಟ್ಟ ಹುಡುಗರೂ ಕೈಚೆಲ್ಲಿದ್ದರು. ಈಗ ಎಂಟು ತಿಂಗಳಿಂದ ನಡೆಯುತ್ತಿದೆ. ಸ್ವಲ್ಪ ಜಂಬ ಬಂದಿದೆ, ಸಹಿಸಿಕೊಳ್ಳಿ.

ಡಾಕ್ಟರು ಒಪ್ಪಿದರೆ ಎಲ್ಲರೂ ಒಪ್ಪಿದ ಹಾಗೆ ಅಂದುಕೊಂಡಿದ್ದೇ ನನ್ನ ಮೊದಲ ತಪ್ಪು. 12 ಟ್ಯಾಬ್ ತಂದೆವು, ಕವರ್ ಸೇರಿ ಹತ್ತಿರ ಹತ್ತಿರ 2 ಲಕ್ಷ. ರೌಂಡ್ಸಿನಲ್ಲಿ ಸರ್ಜನ್ ಒಬ್ಬರು, "ರೀ, ನಾನು ಪೇಷಂಟ್ ಮುಖ ನೋಡ್ಲೋ, ನಿಮ್ಮ ಸ್ಕ್ರೀನ್ ನೋಡ್ಲೋ?" ಅಂದರು. ಮೂರನೇ ವಾರಕ್ಕೆ ಟ್ಯಾಬ್‌ಗಳೆಲ್ಲ ಸ್ಟೋರಿನ ಬೀರು ಸೇರಿದವು. ಅಕೌಂಟ್ಸಿನವರು ಇವತ್ತಿಗೂ ಆ ಬಿಲ್ ನೆನಪಿಸುತ್ತಾರೆ.

ಪಾಸ್‌ವರ್ಡನ್ನು 30 ದಿನಕ್ಕೊಮ್ಮೆ ಬದಲಿಸಬೇಕು ಅಂತ ನಾನೇ ರೂಲ್ಸ್ ಮಾಡಿದ್ದೆ. ಒಂದು ರಾತ್ರಿ ಐಸಿಯುಗೆ ಹೋದರೆ ಮಾನಿಟರ್ ಅಂಚಿಗೆ ಮೈಕ್ರೋಪೋರ್ ಟೇಪ್, ಅದರ ಮೇಲೆ ಪಾಸ್‌ವರ್ಡ್! ಎಲ್ಲರಿಗೂ ಒಂದೇ ಲಾಗಿನ್. ಬೈಯೋಕೆ ಬಾಯಿ ತೆರೆದೆ. ಸಿಸ್ಟರ್ ಗ್ಲೌಸ್ ಹಾಕಿದ ಎರಡೂ ಕೈ ಎತ್ತಿ ತೋರಿಸಿದರು, ಅಷ್ಟೇ.

ಆ ರಾತ್ರಿ ಅಲ್ಲೇ ಕೂತೆ. ಬೆಳಗ್ಗೆ ಡ್ಯೂಟಿ ಬದಲಾಗುವಾಗ ಓವರ್ ಕೊಡೋದನ್ನು ಪೂರ್ತಿ ನೋಡಿದೆ. ಬೆಡ್ ನಂಬರ್, ಡ್ರಿಪ್ ಎಷ್ಟು ಉಳಿದಿದೆ, ಯೂರಿನ್ ಎಷ್ಟು, ಯಾವ ರಿಪೋರ್ಟ್ ಬಾಕಿ. ಡಾಕ್ಟರು ಬಾಯಲ್ಲಿ ಹೇಳಿ ಹೋಗುತ್ತಾರೆ. ನರ್ಸಿಂಗಿನಲ್ಲಿ ಬರೆಯದಿದ್ದರೆ ಮಾಡೇ ಇಲ್ಲ ಅಂತ ಲೆಕ್ಕ. ಐಟಿಯಲ್ಲೂ ಟಿಕೆಟ್, ಅಂದರೆ ಬರೆದು ದಾಖಲಿಸಿದ ದೂರು, ಇಲ್ಲದೆ ಕೆಲಸ ಇಲ್ಲ. ಹಾಗಾದರೆ ನಮಗೆ ಹತ್ತಿರದ ನೆಂಟರು ಸಿಸ್ಟರುಗಳೇ ಅಲ್ವಾ?

ಓವರ್ ಬುಕ್ಕಿನ ಕಾಲಂಗಳನ್ನೇ, ಅದೇ ಕ್ರಮದಲ್ಲಿ ಸ್ಕ್ರೀನಿಗೆ ಇಳಿಸಿದೆ. ಐಡಿ ಕಾರ್ಡ್ ತಟ್ಟಿದರೆ ಲಾಗಿನ್. ರೀಡರ್ ಒಂದಕ್ಕೆ ಸಾವಿರದೈನೂರರ ಆಸುಪಾಸು. ಔಷಧಿ ಆರ್ಡರ್ ಮಾತ್ರ ಈಗಲೂ ಡಾಕ್ಟರ ಕೈಬರಹದಲ್ಲೇ. ಅದನ್ನು ಮುಟ್ಟುವ ಧೈರ್ಯ ಇನ್ನೂ ಬಂದಿಲ್ಲ. ಆ ಸರ್ಜನ್ ಈಗ ಜ್ವರದ ಗ್ರಾಫ್ ತಾವೇ ಕೇಳಿ ನೋಡುತ್ತಾರೆ. ಅವರನ್ನು ಹೇಗೆ ಒಲಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಮಧ್ಯೆ ಸುಮ್ನೆ ವಾಯ್ಸ್ ಟೈಪಿಂಗ್ ಕೂಡ ನೋಡಿದೆ. ಫ್ಯಾನ್ ಸದ್ದು, ಕನ್ನಡ, ಇಂಗ್ಲಿಷ್, ಮಲಯಾಳ ಎಲ್ಲಾ ಕಲಸಿ ಚಿತ್ರಾನ್ನ ಆಯ್ತು. ಒಪಿಡಿ ಕೌಂಟರಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಆಭಾ (ಸರ್ಕಾರದ ಡಿಜಿಟಲ್ ಆರೋಗ್ಯ ಐಡಿ) ವಿವರ ತರಿಸಿಕೊಳ್ಳೋದು ಮಾತ್ರ ಚೆನ್ನಾಗಿ ಹಿಡಿಯಿತು. ಅದರ 14 ಅಂಕಿ ಕೈಯಲ್ಲಿ ಹೊಡೆಯುವ ಕಾಟ ತಪ್ಪಿತು.

ಓವರ್ ಬುಕ್ ಈಗಲೂ ಒಂದಿದೆ. ಸರ್ವರ್ ಮಲಗಿದರೆ ಬೇಕು ಅಂತ ಸಿಸ್ಟರ್ ಇನ್‌ಚಾರ್ಜ್ ಬಿಡಲಿಲ್ಲ, ನಾನೂ ವಾದಿಸಲಿಲ್ಲ. ಟ್ಯಾಬ್‌ಗಳಲ್ಲಿ ಏಳು ಬೀರುವಿನಿಂದ ಹೊರಬಂದಿವೆ. ಉಳಿದ ಐದರ ಬ್ಯಾಟರಿ ಉಬ್ಬಿಹೋಗಿದೆ.