ಕೇಸು ಗೆದ್ದ ಮೇಲೆ ಖರ್ಚು ಯಾರದ್ದು?

ಗದ್ದೆ ಬದುವಿನ ದಾವೆ ಗೆದ್ದ ದಿನ ತೀರ್ಪಿನ ಕೊನೆಯ ಸಾಲನ್ನೇ ನಾನು ಓದಿರಲಿಲ್ಲ. ‘ಉಭಯ ಪಕ್ಷಗಾರರು ತಮ್ಮ ಖರ್ಚನ್ನು ತಾವೇ ಭರಿಸತಕ್ಕದ್ದು’ ಎಂದಿತ್ತು. ನೀವು ಮೊದಲು ಅದನ್ನೇ ನೋಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಂ ಪ್ರಕಾರ ಸಾಮಾನ್ಯವಾಗಿ ಸೋತವರೇ ಗೆದ್ದವರ ಖರ್ಚು ಕೊಡಬೇಕು. ಕೋರ್ಟು ಹಾಗೆ ಕೊಡಿಸದಿದ್ದರೆ ಕಾರಣ ಬರೆಯಬೇಕು.

ದಾವೆ ಹಾಕುವಾಗಲೇ ಖರ್ಚು ಕೊಡಿಸಿ ಎಂದು ಕೋರ್ಟನ್ನು ಕೇಳಿ. ಕೋರ್ಟ್ ಫೀ, ಸಮನ್ಸ್ ಶುಲ್ಕ, ಸಾಕ್ಷಿಗಳಿಗೆ ಕೊಟ್ಟ ಬತ್ತೆ, ದಾಖಲೆಗಳ ನಕಲು ಪ್ರತಿಗೆ ಕೊಟ್ಟ ದುಡ್ಡು, ಎಲ್ಲದರ ರಸೀದಿ ಒಂದು ಡಬ್ಬಿಯಲ್ಲಿಡಿ. ನನ್ನವು ಅರ್ಧ ಗೆದ್ದಲಿಗೆ ಹೋದವು. ವಕೀಲರಿಗೆ ಕೊಟ್ಟಿದ್ದೆಲ್ಲ ವಾಪಸ್ ಬರುವುದಿಲ್ಲ, ನಿಯಮದ ಲೆಕ್ಕದಷ್ಟೇ. ಬೇಕಂತಲೇ ಸುಳ್ಳು ದಾವೆ ಹಾಕಿದವರಿಂದ 35ಎ ಕಲಂನಲ್ಲಿ ಪರಿಹಾರ ಕೇಳಬಹುದು, ಮಿತಿ 3000 ರೂಪಾಯಿ! ಓಡಾಟದ ಬಸ್ ಚಾರ್ಜಿಗೂ ಸಾಲದು, ಅಲ್ವಾ?

ಡಿಕ್ರಿಯಲ್ಲಿ (ತೀರ್ಪಿನಂತೆ ಕೋರ್ಟು ಹೊರಡಿಸುವ ಆದೇಶದಲ್ಲಿ) ಬರೆದ ಖರ್ಚು ಎದುರಾಳಿ ಕೊಡದಿದ್ದರೆ ಸುಮ್ನೆ ಕೂರಬೇಡಿ, ಅಮಲ್ಜಾರಿ ಅರ್ಜಿ, ಅಂದ್ರೆ ಡಿಕ್ರಿಯನ್ನು ಜಾರಿ ಮಾಡಿಸಿ ಎಂಬ ಅರ್ಜಿ, ಹಾಕಿ.