ಆಂಪ್, ಪ್ರೊಜೆಕ್ಟರ್ ಎರಡನ್ನೂ ಸೀರಿಯಲ್ ಕೇಬಲ್‌ನಲ್ಲಿ ನಡೆಸಿದ್ದು: ನನ್ನ ಅನುಭವ

ಹೋಮ್ ಥಿಯೇಟರ್ ಸಾಮಾನನ್ನು ಕಂಪ್ಯೂಟರ್‌ನಿಂದ ನಡೆಸಬೇಕು ಅಂದರೆ ಬಹಳ ಜನ ಮೊದಲು ಹೋಗುವುದು ಇನ್ಫ್ರಾರೆಡ್ ಬ್ಲಾಸ್ಟರ್ ಕಡೆಗೆ. ರಿಮೋಟ್‌ನ ಸಿಗ್ನಲ್ ಕಲಿತುಕೊಂಡು ಅದನ್ನೇ ಮತ್ತೆ ಬಿಡುವ ಪುಟ್ಟ ಪೆಟ್ಟಿಗೆ ಅದು. ಅಗ್ಗ, ಸುಲಭ. ಆದರೆ ಅದಕ್ಕೆ ಬಾಯಿ ಮಾತ್ರ ಇದೆ, ಕಿವಿ ಇಲ್ಲ. ಸಿಗ್ನಲ್ ತಲುಪಿತೋ, ಆಂಪ್ ಆನ್ ಆಯಿತೋ, ಮಧ್ಯೆ ಯಾರಾದರೂ ಅಡ್ಡ ನಿಂತಿದ್ದರೋ, ಒಂದೂ ಅದಕ್ಕೆ ಗೊತ್ತಾಗುವುದಿಲ್ಲ. ಆನ್‌ಗೂ ಆಫ್‌ಗೂ ಒಂದೇ ಬಟನ್ ಇರುವ ರಿಮೋಟ್ ಆದರಂತೂ ಆನ್ ಇದ್ದದ್ದನ್ನೇ ಆಫ್ ಮಾಡಿ ಕೂರುತ್ತದೆ. ನಾನು ಸೀರಿಯಲ್ ಪೋರ್ಟ್, ಅಂದರೆ ತಂತಿಯ ಮೇಲೆ ಒಂದೊಂದೇ ಬಿಟ್ ಆಗಿ ಮಾತು ಸಾಗಿಸುವ ಪೋರ್ಟ್, ಹಿಡಿದದ್ದು ಅದಕ್ಕೇ. ಅಲ್ಲಿ ಕೇಳಿದರೆ ಉತ್ತರ ಬರುತ್ತದೆ.

ನಮ್ಮ ಮನೆ ಬೆಂಗಳೂರಿನಲ್ಲಿ. ಮೇಲಿನ ಕೋಣೆಯಲ್ಲಿ ಒಂದು ಡೆನಾನ್ ಎವಿ ರಿಸೀವರ್ ಇದೆ. ಮನೆಯಲ್ಲಿ ಎಲ್ಲರೂ ಅದನ್ನು ಆಂಪ್ ಅಂತಲೇ ಕರೆಯುತ್ತೇವೆ. ಸೀಲಿಂಗ್‌ಗೆ ನೇತುಹಾಕಿದ ಎಪ್ಸನ್ ಪ್ರೊಜೆಕ್ಟರ್, ಸಿನಿಮಾ ಹಾಕಲು ರಾಸ್ಪ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್. ಆಂಪ್, ಪ್ರೊಜೆಕ್ಟರ್ ಎರಡರ ಹಿಂದೆಯೂ ಒಂಬತ್ತು ಪಿನ್‌ನ ಆರ್‌ಎಸ್-232 ಅನ್ನುವ ಸೀರಿಯಲ್ ಪೋರ್ಟ್ ಇದೆ. ಇದು 1960ರಲ್ಲಿ ಅಮೆರಿಕದಲ್ಲಿ ಬಂದ ಪದ್ಧತಿ. ಒಂಬತ್ತು ಪಿನ್ ಇದ್ದರೂ ನಮ್ಮ ಕೆಲಸಕ್ಕೆ ಬೇಕಾಗುವುದು ಮೂರೇ: 2, 3 ಮತ್ತು 5. ಒಂದರಲ್ಲಿ ಮಾತು ಹೋಗುತ್ತದೆ, ಒಂದರಲ್ಲಿ ಬರುತ್ತದೆ, 5 ಗ್ರೌಂಡ್.

ವೇಗದ ಬಗ್ಗೆ ಚಿಂತೆ ಬೇಡ. ಎರಡೂ ಸಾಮಾನು 9600 ಬಾಡ್ (ಸೆಕೆಂಡಿಗೆ 9600 ಬಿಟ್), ಅಕ್ಷರಕ್ಕೆ 8 ಬಿಟ್, ತಪ್ಪು ಹಿಡಿಯುವ ಪ್ಯಾರಿಟಿ ಬಿಟ್ ಇಲ್ಲ, ಕೊನೆಗೆ 1 ಸ್ಟಾಪ್ ಬಿಟ್. ಒಂದು ಅಕ್ಷರಕ್ಕೆ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಸಾಕು. ಆಂಪ್ ಆನ್ ಮಾಡುವ ಕಮ್ಯಾಂಡ್ ಎಂಟರ್ ಸೇರಿ ಐದು ಅಕ್ಷರ. ಬೆರಳು ಬಟನ್‌ನಿಂದ ಏಳುವ ಮೊದಲೇ ಅದು ತಲುಪಿರುತ್ತದೆ.

ಜನ ಸೋಲುವುದು ಕೇಬಲ್‌ನಲ್ಲಿ. ಎಸ್‌ಪಿ ರೋಡ್‌ನ ಅಂಗಡಿಯಲ್ಲಿ ಸೀರಿಯಲ್ ಕೇಬಲ್ ಕೇಳಿದ ತಕ್ಷಣ ಅಂಗಡಿಯವರು, "ಯಾವ್ದು ಸಾರ್, ಸ್ಟ್ರೈಟಾ ಕ್ರಾಸಾ?" ಅಂದರು. ಸರಿಯಾದ ಪ್ರಶ್ನೆ. ಸ್ಟ್ರೈಟ್ ಕೇಬಲ್‌ನಲ್ಲಿ 2 ಹೋಗಿ 2ಕ್ಕೇ ಸೇರುತ್ತದೆ. ಕ್ರಾಸ್ ಅಥವಾ ನಲ್ ಮೋಡೆಮ್ ಕೇಬಲ್‌ನಲ್ಲಿ 2 ಮತ್ತು 3 ಅದಲುಬದಲಾಗುತ್ತವೆ. ನನ್ನ ಆಂಪ್‌ಗೆ ಬೇಕಾದದ್ದು ಸ್ಟ್ರೈಟ್, ಪ್ರೊಜೆಕ್ಟರ್‌ಗೆ ಕ್ರಾಸ್. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಇರುತ್ತವೆ. ಹಾಗಾಗಿ ತಂದ ದಿನವೇ ಬಣ್ಣದ ಟೇಪ್ ಸುತ್ತಿಟ್ಟೆ.

ಮ್ಯಾನ್ಯುಯಲ್ ಸಿಗದ ಸಾಮಾನಿಗೆ ಯಾವ ಕೇಬಲ್ ಅಂತ ತಿಳಿಯಲು ಮಲ್ಟಿಮೀಟರ್ ಸಾಕು. ಸಾಮಾನನ್ನು ಆನ್ ಮಾಡಿ, ಕೇಬಲ್ ಹಾಕಬೇಡಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಪ್ರೋಬ್ 5ನೇ ಪಿನ್‌ಗೆ, ಕೆಂಪನ್ನು ಮೊದಲು 2ಕ್ಕೆ, ಆಮೇಲೆ 3ಕ್ಕೆ ಮುಟ್ಟಿಸಿ. ಒಂದು ಪಿನ್ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಇನ್ನೊಂದು ಮೈನಸ್ 5, ಮೈನಸ್ 6, ಕೆಲವದರಲ್ಲಿ ಮೈನಸ್ 10ರ ಹತ್ತಿರ ತೋರಿಸುತ್ತದೆ. ಆ ಮೈನಸ್ ಪಿನ್ನೇ ಸಾಮಾನು ಮಾತಾಡುವ ಪಿನ್. ಆರ್‌ಎಸ್-232ರಲ್ಲಿ ಲೈನ್ ಸುಮ್ಮನಿರುವಾಗ ಮೈನಸ್‌ನಲ್ಲೇ ಇರುತ್ತದೆ. ಕಂಪ್ಯೂಟರ್ ಕಡೆ ಕೇಳಿಸಿಕೊಳ್ಳುವ ಪಿನ್ 2. ಸಾಮಾನು ಮಾತಾಡುವುದೂ 2ರಲ್ಲೇ ಆದರೆ ಸ್ಟ್ರೈಟ್ ಕೇಬಲ್, 3ರಲ್ಲಿ ಆದರೆ ಕ್ರಾಸ್. ಊಹೆ ಮಾಡುವ ಪ್ರಮೇಯವೇ ಇಲ್ಲ.

ಪೈಯ ಜಿಪಿಐಒ ಪಿನ್‌ನಲ್ಲೇ (ಬೋರ್ಡ್ ಮೇಲೆ ತಂತಿ ಜೋಡಿಸುವ ಪಿನ್) ಸೀರಿಯಲ್ ಇದೆಯಲ್ಲ, ನೇರವಾಗಿ ಅದಕ್ಕೇ ಕೊಡಬಹುದಲ್ವಾ ಅಂತ ಗೆಳೆಯರು ಕೇಳುತ್ತಾರೆ. ಕೊಡಬೇಡಿ. ಅದು 3.3 ವೋಲ್ಟ್‌ನದು, ಆಂಪ್, ಪ್ರೊಜೆಕ್ಟರ್ ಕಡೆಯಿಂದ ಬರುವುದು ಪ್ಲಸ್ ಮೈನಸ್ ಎರಡೂ, ಅದಕ್ಕಿಂತ ಎಷ್ಟೋ ಹೆಚ್ಚು. ಬೋರ್ಡ್ ಸುಟ್ಟುಹೋಗುತ್ತದೆ. ಮಧ್ಯೆ ವೋಲ್ಟೇಜ್ ಹೊಂದಿಸಿಕೊಡುವ ಮ್ಯಾಕ್ಸ್ 3232 ಚಿಪ್ ಹಾಕಬಹುದು. ನಾನು ಯುಎಸ್‌ಬಿ ಅಡಾಪ್ಟರ್ ತೆಗೆದುಕೊಂಡೆ, ಎರಡಕ್ಕೂ ಎಫ್‌ಟಿಡಿಐ ಕಂಪನಿಯ ಚಿಪ್‌ನದು. ಸ್ವಲ್ಪ ದುಬಾರಿ. ಆದರೆ ಆ ಚಿಪ್‌ಗಳಿಗೆ ಸಾಮಾನ್ಯವಾಗಿ ತಮ್ಮದೇ ಸೀರಿಯಲ್ ನಂಬರ್ ಇರುತ್ತದೆ. ಲಿನಕ್ಸ್‌ನಲ್ಲಿ ಪೋರ್ಟ್‌ಗಳಿಗೆ ಸಿಗುವ 0, 1 ಅನ್ನುವ ಹೆಸರು ಪ್ರತಿ ಸಲ ಆನ್ ಮಾಡಿದಾಗ ಬದಲಾಗಬಹುದು. ಇವತ್ತು ಆಂಪ್ ಆಗಿದ್ದದ್ದು ನಾಳೆ ಪ್ರೊಜೆಕ್ಟರ್ ಆಗಬಹುದು. ಚಿಪ್ ನಂಬರ್ ಹಿಡಿದು ಕರೆದರೆ ಆ ಗೊಂದಲ ಇರುವುದಿಲ್ಲ. ನಿಮ್ಮ ಯೂಸರ್ ಹೆಸರನ್ನು ಲಿನಕ್ಸ್‌ನಲ್ಲಿ ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗ್ರೂಪ್‌ಗೆ ಸೇರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಪೋರ್ಟ್ ತೆರೆಯುವುದೇ ಇಲ್ಲ.

ಸಾಮಾನಿಗೆ ಜೋಡಿಸುವ ಮೊದಲು ಅಡಾಪ್ಟರ್‌ನ 2 ಮತ್ತು 3ನೇ ಪಿನ್‌ಗಳನ್ನು ಒಂದು ಪೇಪರ್ ಕ್ಲಿಪ್‌ನಿಂದ ಸೇರಿಸಿ, ಸೀರಿಯಲ್ ಪೋರ್ಟ್ ಜೊತೆ ಮಾತಾಡುವ ಮಿನಿಕಾಮ್ ಅನ್ನುವ ಪ್ರೋಗ್ರಾಂ ತೆರೆದು ಏನಾದರೂ ಟೈಪ್ ಮಾಡಿ. ಟೈಪ್ ಮಾಡಿದ್ದು ಪರದೆಯಲ್ಲಿ ವಾಪಸ್ ಬಂದರೆ ಅಡಾಪ್ಟರ್, ಡ್ರೈವರ್ ಎರಡೂ ಸರಿ ಇವೆ ಅಂತ ಅರ್ಥ. ಮಿನಿಕಾಮ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆಫ್ ಮಾಡಿರಿ. ಕಳಿಸು, ನಿಲ್ಲು ಅಂತ ಹೇಳಲು ಅದಕ್ಕೆ ಬೇರೆ ತಂತಿಗಳು ಬೇಕು, ಮೂರೇ ತಂತಿಯ ಜೋಡಣೆಗೆ ಅದು ಹೊಂದುವುದಿಲ್ಲ.

ಆಂಪ್‌ನಿಂದ ಶುರು ಮಾಡಿದೆ. ಡೆನಾನ್‌ನ ಭಾಷೆ ಬಹಳ ಸರಳ. ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ 'ಪಿಡಬ್ಲ್ಯೂಆನ್' ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಒಳಗೆ ರಿಲೇ ಟಕ್ ಅನ್ನುತ್ತದೆ, ಅದೇ ಪದ ಪರದೆಗೆ ವಾಪಸ್ ಬರುತ್ತದೆ. 'ಎಂವಿ' ಮುಂದೆ ಪ್ರಶ್ನೆ ಚಿಹ್ನೆ ಹಾಕಿದರೆ ಈಗಿನ ವಾಲ್ಯೂಮ್ ಹೇಳುತ್ತದೆ. ಅಲ್ಲಿ 80 ಅಂದರೆ 0 ಡೆಸಿಬೆಲ್, 50 ಅಂದರೆ ಮೈನಸ್ 30. ಕಮ್ಯಾಂಡ್‌ಗಳ ಮಧ್ಯೆ 50 ಮಿಲಿಸೆಕೆಂಡ್ ಬಿಡಬೇಕು, ಆನ್ ಮಾಡಿದ ಮೇಲೆ ಒಂದು ಸೆಕೆಂಡ್ ಸುಮ್ಮನಿರಬೇಕು. ಇದನ್ನು ಪಾಲಿಸಿದರೆ ಆಂಪ್ ಎಂದೂ ಕೈಕೊಡುವುದಿಲ್ಲ.

ನನಗೆ ತುಂಬ ಇಷ್ಟವಾದದ್ದು ಇನ್ನೊಂದು. ಕೇಳದೆ ಇದ್ದರೂ ಆಂಪ್ ಸುದ್ದಿ ಕೊಡುತ್ತದೆ. ಯಾರಾದರೂ ಮುಂದಿನ ನಾಬ್ ತಿರುಗಿಸಿದರೆ ಪರದೆಯಲ್ಲಿ ಸಾಲು ಸಾಲಾಗಿ ಬರುತ್ತದೆ: ಎಂವಿ 50, ಎಂವಿ 505, ಎಂವಿ 51. ಆ 505 ಅನ್ನುವುದು ಐನೂರ ಐದಲ್ಲ, 50.5. ಮೂರು ಅಂಕಿ ಬಂದರೆ ಕೊನೆಯದು ಅರ್ಧ ಡೆಸಿಬೆಲ್. ಜೊತೆಗೆ 'ಎಂವಿಮ್ಯಾಕ್ಸ್' ಅಂತ ಇನ್ನೊಂದು ಸಾಲೂ ಬರುತ್ತದೆ, ಅದು ಗರಿಷ್ಠ ಮಿತಿ ಮಾತ್ರ. ಎಂವಿಯಿಂದ ಶುರುವಾಗುವ ಸಾಲೆಲ್ಲ ವಾಲ್ಯೂಮ್ ಅಂದುಕೊಳ್ಳುವ ಪ್ರೋಗ್ರಾಂ ಈ ಎರಡು ಕಡೆ ಕೆಡುತ್ತದೆ. ಅದಕ್ಕೆ ನಾನು ಎಂವಿ ಆದಮೇಲೆ ಬರೀ ಅಂಕಿ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಅಂಕಿ ಎಷ್ಟು ಅಂತ ಎಣಿಸುತ್ತೇನೆ.

ಡೆನಾನ್‌ನಲ್ಲಿ ಇರುವ ಒಂದೇ ಕೊರತೆ ಅಂದರೆ ತಪ್ಪು ಕಮ್ಯಾಂಡ್ ಕೊಟ್ಟರೆ ಅದು ಮೌನ. ತಪ್ಪು ಅಂತಲೂ ಹೇಳುವುದಿಲ್ಲ. ಎಪ್ಸನ್ ಹಾಗಲ್ಲ. ಅದು ಪ್ರತಿ ಕಮ್ಯಾಂಡ್‌ಗೂ ಕೊನೆಯಲ್ಲಿ ಒಂದು ಕೋಲನ್ ಚಿಹ್ನೆ ಕಳಿಸುತ್ತದೆ. ಆಯಿತು, ಮುಂದಿನದು ಹೇಳು ಅಂತ ಅದರ ಅರ್ಥ. ಬರೀ ಎಂಟರ್ ಒತ್ತಿದರೂ ಕೋಲನ್ ಬರುತ್ತದೆ, ಕೇಬಲ್ ಸರಿ ಇದೆಯಾ ಅಂತ ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಅರ್ಥವಾಗದಿದ್ದರೆ 'ಇಆರ್‌ಆರ್' ಅನ್ನುತ್ತದೆ. 'ಪಿಡಬ್ಲ್ಯೂಆರ್' ಮುಂದೆ ಪ್ರಶ್ನೆ ಚಿಹ್ನೆ ಹಾಕಿ ಕೇಳಿದರೆ ತನ್ನ ಸ್ಥಿತಿ ಹೇಳುತ್ತದೆ: 00 ಅಥವಾ 04 ಅಂದರೆ ಸ್ಟ್ಯಾಂಡ್‌ಬೈ, 02 ಅಂದರೆ ಲ್ಯಾಂಪ್ ಬಿಸಿಯಾಗುತ್ತಿದೆ, 01 ಅಂದರೆ ಸಿದ್ಧ, 03 ಅಂದರೆ ತಣ್ಣಗಾಗುತ್ತಿದೆ, 05 ಅಂದರೆ ಏನೋ ತೊಂದರೆ.

ನನ್ನ ಇಡೀ ಪ್ರೋಗ್ರಾಂ ನಿಂತಿರುವುದು ಈ ಅಂಕಿಗಳ ಮೇಲೆ. ಪೈಥಾನ್ ಭಾಷೆಯಲ್ಲಿ, ಸೀರಿಯಲ್ ಪೋರ್ಟ್‌ಗೆಂದೇ ಇರುವ ಪೈಸೀರಿಯಲ್ ಲೈಬ್ರರಿ ಬಳಸಿ ಬರೆದದ್ದು, ದೊಡ್ಡದೇನಲ್ಲ. ಅದರಲ್ಲಿ ಒಂದೇ ನಿಯಮ. ಆಂಪ್ ಆನ್ ಇದೆ, ಪ್ರೊಜೆಕ್ಟರ್ ಆಫ್ ಇದೆ ಅಂತ ಪ್ರೋಗ್ರಾಂ ತಾನಾಗಿ ನೆನಪಿಟ್ಟುಕೊಳ್ಳುವುದಿಲ್ಲ. ಪ್ರತಿ ಸಲವೂ ಕೇಳುತ್ತದೆ. ಬೇಕಾದ ಸ್ಥಿತಿ ಇಲ್ಲದಿದ್ದರೆ ಕಮ್ಯಾಂಡ್ ಕಳಿಸುತ್ತದೆ, ಮತ್ತೆ ಕೇಳುತ್ತದೆ. ಇಂಟರ್ನೆಟ್‌ನಲ್ಲಿ ಸಿಗುವ ಎಷ್ಟೋ ಪ್ರೋಗ್ರಾಂಗಳಲ್ಲಿ ಆನ್ ಮಾಡು, 30 ಸೆಕೆಂಡ್ ಕಾಯಿ, ಎಚ್‌ಡಿಎಂಐ ಒತ್ತು ಅಂತ ಬರೆದಿರುತ್ತಾರೆ. ನನಗೆ ಅದು ಒಪ್ಪುವುದಿಲ್ಲ. ಈಗಷ್ಟೇ ಆಫ್ ಮಾಡಿದ ಪ್ರೊಜೆಕ್ಟರ್ 03ರಲ್ಲಿ ಇರುತ್ತದೆ, ಆಗ ಆನ್ ಅಂದರೆ ಅದು ಕೇಳುವುದಿಲ್ಲ. ಎಷ್ಟು ಸೆಕೆಂಡ್ ಕಾಯಬೇಕು ಅನ್ನುವುದು ಪ್ರೊಜೆಕ್ಟರ್‌ಗೇ ಗೊತ್ತು. ಅದನ್ನೇ ಕೇಳಬೇಕು. 01 ಬಂದಮೇಲೆ 'ಸೋರ್ಸ್ 30' ಕಳಿಸಿದರೆ ಮೊದಲ ಎಚ್‌ಡಿಎಂಐಗೆ ಹೋಗುತ್ತದೆ.

ಎರಡು ಸಾಮಾನಿನ ಸ್ವಭಾವ ಬೇರೆ ಆದ್ದರಿಂದ ಓದುವ ರೀತಿಯೂ ಬೇರೆ. ಪ್ರೊಜೆಕ್ಟರ್‌ಗೆ ಕಳಿಸಿ, ಕೋಲನ್ ಬರುವ ತನಕ ಓದಿದರೆ ಸಾಕು. ಆಂಪ್ ಯಾವಾಗ ಬೇಕಾದರೂ ಮಾತಾಡುವುದರಿಂದ ಅದನ್ನು ಕೇಳಿಸಿಕೊಳ್ಳಲೆಂದೇ ಪ್ರೋಗ್ರಾಂನ ಒಂದು ಭಾಗ (ಥ್ರೆಡ್) ಬೇರೆಯಾಗಿ ಸದಾ ಓಡುತ್ತಿರುತ್ತದೆ. ಇದರಿಂದ ಒಂದು ಅನುಕೂಲ ಆಯಿತು. ರಾತ್ರಿ ಹತ್ತರ ಮೇಲೆ ವಾಲ್ಯೂಮ್ 50 ದಾಟಿದರೆ ಪ್ರೋಗ್ರಾಂ ಮೆಲ್ಲಗೆ ಕೆಳಗೆ ತರುತ್ತದೆ, ಪಕ್ಕದ ಮನೆಯವರ ನಿದ್ದೆಗೆ. ನಾಬ್ ತಿರುಗಿಸುವಾಗಲೇ ತಡೆಯಲು ಹೋದರೆ ಕಂಪ್ಯೂಟರ್‌ಗೂ ಕೈಗೂ ಜಗ್ಗಾಟ ಆಗುತ್ತದೆ. ಅದಕ್ಕೆ ಅರ್ಧ ಸೆಕೆಂಡ್ ಯಾವ ಸುದ್ದಿಯೂ ಬರದಿದ್ದ ಮೇಲೆ ಒಂದೇ ಒಂದು ಕಮ್ಯಾಂಡ್ ಹೋಗುವ ಹಾಗೆ ಮಾಡಿದ್ದೇನೆ.

ಮನೆಯವರಿಗೆ ಇದ್ಯಾವುದೂ ಕಾಣಬಾರದು. ಬಾಗಿಲ ಪಕ್ಕ ಒಂದು ಬಟನ್, ಒಂದು ಹಸಿರು ಎಲ್‌ಇಡಿ, ಅಷ್ಟೇ. ಬಟನ್ ಒತ್ತಿದರೆ ದೀಪ ಮಿಟುಕುತ್ತದೆ. ಎರಡೂ ಸಾಮಾನು ಸಿದ್ಧ ಅಂತ ತಾವೇ ಹೇಳಿದ ಮೇಲೆ ಮಾತ್ರ ದೀಪ ನಿಲ್ಲುತ್ತದೆ. ಅಮ್ಮ ಮೊದಲ ದಿನ ಕೇಳಿದರು, "ಮಿಟುಕ್ತಾ ಇದೆಯಲ್ಲೋ, ಕೆಟ್ಟೋಯ್ತಾ?" "ಇಲ್ಲಮ್ಮ, ಲ್ಯಾಂಪ್ ಬಿಸಿ ಆಗ್ತಿದೆ" ಅಂದೆ. ಈಗ ಅವರೇ ಬಂದವರಿಗೆ, "ದೀಪ ನಿಲ್ಲಲಿ, ಆಮೇಲೆ ಹಾಕಿ" ಅನ್ನುತ್ತಾರೆ.

ಕರೆಂಟ್ ಹೋಗುವ ಊರಿನಲ್ಲಿ ಇನ್ನೊಂದು ಕೆಲಸ ಇದೆ. ಲ್ಯಾಂಪ್ ಉರಿಯುತ್ತಿರುವಾಗ ಕರೆಂಟ್ ಹೋದರೆ ತಣ್ಣಗೆ ಮಾಡುವ ಫ್ಯಾನೂ ನಿಂತುಬಿಡುತ್ತದೆ. ಲ್ಯಾಂಪ್‌ಗೆ ಅದು ಒಳ್ಳೆಯದಲ್ಲ. ಮನೆಯ ಇನ್ವರ್ಟರ್‌ಗೆ ಸಾಮಾನ್ಯವಾಗಿ ಕಂಪ್ಯೂಟರ್ ಜೊತೆ ಮಾತಾಡುವ ವ್ಯವಸ್ಥೆ ಇರುವುದಿಲ್ಲ. ಅದಕ್ಕೆ ಯುಎಸ್‌ಬಿ ಇರುವ ಯುಪಿಎಸ್ ಒಂದನ್ನು ಪ್ರೊಜೆಕ್ಟರ್ ಮತ್ತು ಪೈಗೆ ಅಂತಲೇ ಇಟ್ಟಿದ್ದೇನೆ. ಪೈಯಲ್ಲಿ ನಟ್ ಅನ್ನುವ ಉಚಿತ ತಂತ್ರಾಂಶ ಯುಪಿಎಸ್ ಮೇಲೆ ಕಣ್ಣಿಟ್ಟಿರುತ್ತದೆ. ಬ್ಯಾಟರಿಗೆ ಹೋಗಿ ಒಂದು ನಿಮಿಷವಾದರೂ ಕರೆಂಟ್ ಬರದಿದ್ದರೆ ಪ್ರೊಜೆಕ್ಟರ್‌ಗೆ ಆಫ್ ಕಮ್ಯಾಂಡ್ ಹೋಗುತ್ತದೆ. ಸ್ಥಿತಿ 03 ದಾಟಿ ಸ್ಟ್ಯಾಂಡ್‌ಬೈಗೆ ಬಂದ ಮೇಲೆ ಪೈ ತಾನೂ ಮಲಗುತ್ತದೆ. ಹಾಗೆಯೇ ಪ್ರತಿ ಸಲ ಆಫ್ ಮಾಡುವ ಮೊದಲು 'ಲ್ಯಾಂಪ್' ಮುಂದೆ ಪ್ರಶ್ನೆ ಚಿಹ್ನೆ ಹಾಕಿ ಎಷ್ಟು ಗಂಟೆ ಉರಿದಿದೆ ಅಂತ ಕೇಳಿ ಒಂದು ಫೈಲ್‌ನಲ್ಲಿ ಬರೆದಿಡುತ್ತದೆ. ಹೊಸ ಲ್ಯಾಂಪ್‌ಗೆ ಯಾವಾಗ ಹಣ ಎತ್ತಿಡಬೇಕು ಅಂತ ಅದರಿಂದ ಗೊತ್ತಾಗುತ್ತದೆ.

ಹೊಸ ಆಂಪ್‌ಗಳಲ್ಲಿ, ಅದರಲ್ಲೂ ಕಡಿಮೆ ಬೆಲೆಯವುಗಳಲ್ಲಿ, ಈ ಪೋರ್ಟ್ ಸಿಗುವುದೇ ಅಪರೂಪ. ಡೆನಾನ್‌ನದಾದರೆ ನಿರಾಶೆ ಬೇಡ. ಇದೇ ಕಮ್ಯಾಂಡ್‌ಗಳು ನೆಟ್‌ವರ್ಕ್‌ನಲ್ಲಿ ಟೆಲ್ನೆಟ್ ಅನ್ನುವ ಹಳೆಯ ಪದ್ಧತಿಯ 23ನೇ ಪೋರ್ಟ್‌ಗೆ ಕಳಿಸಿದರೂ ನಡೆಯುತ್ತವೆ. ಮೆನುವಿನಲ್ಲಿ ನೆಟ್‌ವರ್ಕ್ ಕಂಟ್ರೋಲ್ ಆನ್ ಇಡಬೇಕು, ಇಲ್ಲದಿದ್ದರೆ ಸ್ಟ್ಯಾಂಡ್‌ಬೈಯಿಂದ ಅದು ಏಳುವುದಿಲ್ಲ. ರೂಟರ್ ಕೆಟ್ಟ ದಿನವೂ ಸಿನಿಮಾ ನೋಡಬೇಕು ಅನ್ನುವವರಿಗೆ ಮಾತ್ರ ನಾನು ತಂತಿಯನ್ನೇ ಹೇಳುತ್ತೇನೆ.

ಕೆಳಗಿನ ಹಾಲ್‌ನ ಎಲ್‌ಜಿ ಟಿವಿಯಲ್ಲೂ ಆರ್‌ಎಸ್-232 ಇದೆ, ಅದಕ್ಕೂ ಕ್ರಾಸ್ ಕೇಬಲ್, ಅದೇ 9600. ಅದರ ಕಮ್ಯಾಂಡ್ ಎರಡು ಅಕ್ಷರ, ಟಿವಿಯ ನಂಬರ್, ಆಮೇಲೆ ಏನು ಮಾಡಬೇಕು ಅಂತ ಹೇಳುವ ಸಂಖ್ಯೆ, ಮಧ್ಯೆ ಒಂದೊಂದು ಸ್ಪೇಸ್: 'ಕೆಎ 01 01' ಅಂದರೆ ಆನ್. ಉತ್ತರದಲ್ಲಿ 'ಓಕೆ' ಅಥವಾ 'ಎನ್‌ಜಿ' ಬರುತ್ತದೆ. ಒಂದು ಗಮನ ಬೇಕು, ಅಲ್ಲಿ ಸಂಖ್ಯೆಗಳೆಲ್ಲ ಹೆಕ್ಸ್ ಲೆಕ್ಕದಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಗುಂಪಿನಲ್ಲಿ. ವಾಲ್ಯೂಮ್ 16 ಬೇಕಾದರೆ 'ಕೆಎಫ್ 01 10' ಅಂತ ಕಳಿಸಬೇಕು.