ಶುಕ್ರವಾರದ ರಾಶಿ

ಔಷಧಿಯ ಸಗಟು ವ್ಯಾಪಾರಿಗಳಿಗೆ ಬಿಲ್ಲು ಮತ್ತು ದಾಸ್ತಾನಿನ ತಂತ್ರಾಂಶ ಬರೆಯುತ್ತಿದ್ದ ತಂಡಕ್ಕೆ ನಾನು ಮುಖ್ಯಸ್ಥನಾಗಿದ್ದೆ. ಆರು ಡೆವಲಪರ್‌ಗಳು, ಒಬ್ಬರೇ ಟೆಸ್ಟರ್. ಕೆಲಸ ಎರಡು ತಿಂಗಳು ಹಿಂದೆ ಬಿದ್ದಿತ್ತು. ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಶನಿವಾರವೂ ಎಲ್ಲರನ್ನೂ ಕರೆಸಿದೆ, ಇನ್ನೂ ನಾಲ್ವರು ಬೇಕೆಂದು ಮೇಲಿನವರಿಗೆ ಬರೆದೆ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ‘ಎಲ್ಲಿಗೆ ಬಂತು?’ ಎಂದು ಮೇಜಿನಿಂದ ಮೇಜಿಗೆ ಕೇಳುತ್ತಾ ಹೋದೆ.

ನಾಲ್ವರು ಬಂದರು, ಕೆಲಸ ಇನ್ನಷ್ಟು ನಿಧಾನವಾಯಿತು. ತಡವಾದ ತಂತ್ರಾಂಶಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಐಬಿಎಂ ಕಂಪ್ಯೂಟರ್‌ಗಳನ್ನು ನಡೆಸುವ ಓಎಸ್/360 ಎಂಬ ಭಾರೀ ತಂತ್ರಾಂಶವನ್ನು ಕಟ್ಟಿಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ಓದಿಯೂ ಇದ್ದೆ, ಅದು ಬೇರೆಯವರಿಗೆ ಹೇಳಿದ್ದು ಎಂದುಕೊಂಡಿದ್ದೆ. ಆರು ಡೆವಲಪರ್‌ಗಳ ನಡುವೆ ಮಾತಾಡಿಕೊಳ್ಳಬೇಕಾದ ಜೋಡಿಗಳು 15, ಹತ್ತು ಜನರಾದರೆ 45. ಬ್ಯಾಚ್ ಸಂಖ್ಯೆ ಎಂದರೇನು, ಅವಧಿ ಮೀರಿದ ಮಾಲು ವಾಪಸಾದರೆ ಜಿಎಸ್‌ಟಿ ಹೇಗೆ ಎಂದು ಹೊಸಬರಿಗೆ ವಿವರಿಸುವುದರಲ್ಲೇ ಹಳಬರ ಅರ್ಧ ದಿನ ಹೋಗುತ್ತಿತ್ತು.

ಒಂದು ಸೋಮವಾರ ಟೆಸ್ಟರ್ ಮೇಡಂ ತಮ್ಮ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಹಿಂದಿನ ವಾರ ಪರೀಕ್ಷೆಗೆ ಬಂದ ಕೆಲಸಗಳು 19. ಅದರಲ್ಲಿ 14 ಬಂದದ್ದು ಶುಕ್ರವಾರ ಮಧ್ಯಾಹ್ನ ಮೂರರ ಮೇಲೆ. “ಸರ್, ನಿಮ್ಮ ವರದಿ ಹೋಗುವುದು ಶುಕ್ರವಾರ ಐದಕ್ಕಲ್ಲವೇ” ಎಂದಷ್ಟೇ ಹೇಳಿ ಚಹಾ ತರಲು ಎದ್ದರು.

ಆ ವರದಿಯಲ್ಲಿ ನಾನು ಎಣಿಸುತ್ತಿದ್ದದ್ದು ಒಂದೇ: ಈ ವಾರ ಡೆವಲಪರ್‌ಗಳು ಮುಗಿಸಿದ ಕೆಲಸ ಎಷ್ಟು. ಅಂಕಿ ಕಡಿಮೆಯಾದರೆ ಕೇಳುತ್ತಿದ್ದೆ. ಕೇಳಿದಾಗ ಹುಡುಗರು ಅರೆಬೆಂದದ್ದನ್ನೂ ‘ಮುಗಿಯಿತು’ ಎಂದು ಆಚೆಗೆ ತಳ್ಳುತ್ತಿದ್ದರು. ಮೇಡಂ ಮುಂದೆ ರಾಶಿ ಬೀಳುತ್ತಿತ್ತು. ಅವರು ಕಂಡುಹಿಡಿದ ದೋಷ ಬರೆದವನಿಗೆ ಮರಳುವಷ್ಟರಲ್ಲಿ ಮೂರು ವಾರ ಕಳೆದು, ಅವನಿಗೆ ತನ್ನ ಕೋಡೇ ಮರೆತಿರುತ್ತಿತ್ತು. ತಿದ್ದಲು ಇಮ್ಮಡಿ ಹೊತ್ತು, ಅದರಿಂದ ಹೊಸ ಕೆಲಸ ತಡ, ಅದನ್ನು ಕಂಡು ನಾನು ಇನ್ನಷ್ಟು ಕೇಳುವುದು. ಬಿಳಿ ಹಲಗೆಯ ಮೇಲೆ ಬಾಣ ಎಳೆಯುತ್ತಾ ಹೋದರೆ ಸುತ್ತು ನನ್ನ ಹೆಸರಿಗೇ ಬಂದು ಸೇರಿತು.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೇ ಫಾರೆಸ್ಟರ್ 1950ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್‌ನ ಕಾರ್ಖಾನೆಗಳ ಲೆಕ್ಕ ಹಾಕಿದಾಗಲೂ ಹೀಗೆಯೇ ಆಗಿತ್ತು. ಕೆಲವು ವರ್ಷಗಳಿಗೊಮ್ಮೆ ಜನರನ್ನು ಸೇರಿಸಿಕೊಳ್ಳುವುದು, ತೆಗೆಯುವುದು ನಡೆಯುತ್ತಿತ್ತು. ಮಾರುಕಟ್ಟೆಯ ಏರಿಳಿತವೇ ಕಾರಣ ಎಂದು ಅಲ್ಲಿನವರು ನಂಬಿದ್ದರು. ಕಂಪನಿಯೊಳಗಿನ ನಿಯಮಗಳೇ ಅದನ್ನು ಹುಟ್ಟಿಸಬಲ್ಲವು ಎಂದು ಫಾರೆಸ್ಟರ್ ಕಾಗದ ಪೆನ್ಸಿಲ್ಲಿನಲ್ಲಿ ತೋರಿಸಿದರು. ನಾನೂ ಅಲ್ಲಿಯವರೆಗೆ ಬೈಯುತ್ತಿದ್ದದ್ದು ಗ್ರಾಹಕರನ್ನು.

ನಮ್ಮೂರು ಕೋಲಾರದ ಕಡೆಯದು. ಕೆರೆ ಕೋಡಿ ಬೀಳುವಷ್ಟು ತುಂಬಿದರೂ ಗದ್ದೆಗೆ ಹರಿಯುವುದು ತೂಬು ಬಿಟ್ಟಷ್ಟೇ ನೀರು. ನಮ್ಮ ತೂಬು ಮೇಡಂ ಅವರ ಮೇಜು. ಅಲ್ಲಿಂದ ವಾರಕ್ಕೆ ಸರಾಸರಿ ಆರು ಕೆಲಸ ಹೊರಬೀಳುತ್ತಿದ್ದವು, ಒಳಗೆ ಇದ್ದದ್ದು 24. ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರದ ಪ್ರಕಾರ ಕೈಯಲ್ಲಿರುವುದನ್ನು ಹೊರಹೋಗುವ ವೇಗದಿಂದ ಭಾಗಿಸಿದರೆ ಒಂದೊಂದು ಕೆಲಸ ಒಳಗೆ ಕಳೆಯುವ ಸರಾಸರಿ ಕಾಲ ಸಿಗುತ್ತದೆ: ನಾಲ್ಕು ವಾರ. ಯಾರನ್ನೂ ಓಡಿಸದೆ ಕೈಯಲ್ಲಿರುವುದನ್ನು 12ಕ್ಕೆ ಇಳಿಸಿದರೆ ಎರಡೇ ವಾರ. ಇಷ್ಟು ಸುಲಭದ ಭಾಗಾಕಾರಕ್ಕೆ ನನಗೆ ಅಷ್ಟು ಶನಿವಾರಗಳು ಬೇಕಾದವು.

ಕೈಯಲ್ಲಿ ಹನ್ನೆರಡು ಕೆಲಸ ಇರುವಾಗ ಹೊಸದನ್ನು ಯಾರೂ ಮುಟ್ಟುವಂತಿಲ್ಲ ಎಂದು ಹೇಳಿದೆ. ಕೈ ಖಾಲಿಯಾದವರು ಮೇಡಂ ಪಕ್ಕ ಕುಳಿತು ಬೇರೆಯವರ ಕೆಲಸವನ್ನು ಪರೀಕ್ಷಿಸಬೇಕು. ವರದಿಯಲ್ಲಿ ಎಣಿಸುವುದು ವ್ಯಾಪಾರಿಯ ಅಂಗಡಿಯಲ್ಲಿ ಓಡುತ್ತಿರುವುದನ್ನು ಮಾತ್ರ. ಮೊದಲ ಎರಡು ವಾರ ಅಸಹನೀಯವಾಗಿದ್ದವು. ಮೂವರು ಡೆವಲಪರ್‌ಗಳು ಕೀಲಿಮಣೆ ಮುಟ್ಟದೆ ಟಿಪ್ಪಣಿ ಬರೆಯುತ್ತಾ ಕೂತಿದ್ದನ್ನು ಗಾಜಿನ ಆಚೆಯಿಂದ ನೋಡಿದ ನಿರ್ದೇಶಕರು, “ಇವರಿಗೆ ಸಂಬಳ ಯಾಕೆ ಕೊಡುತ್ತಿದ್ದೇವೆ?” ಎಂದು ಕೇಳಿದರು. ನನ್ನ ಬಳಿ ಉತ್ತರವಿತ್ತು, ಧೈರ್ಯ ಸ್ವಲ್ಪ ಕಡಿಮೆಯಿತ್ತು. ಒಂದು ತಿಂಗಳು ಸಮಯ ಕೊಡಿ ಎಂದೆ.

ತಿಂಗಳು ಮುಗಿಯುವಷ್ಟರಲ್ಲಿ ದೋಷಗಳು ಬರೆದವನ ಬಳಿಗೆ ಎರಡು ಮೂರು ದಿನದಲ್ಲೇ ಮರಳುತ್ತಿದ್ದವು, ಬರೆದದ್ದು ತಲೆಯಲ್ಲಿ ಇನ್ನೂ ಬಿಸಿಯಾಗಿರುವಾಗಲೇ. ಶನಿವಾರದ ಕೆಲಸ ತಾನಾಗಿ ನಿಂತಿತು. ಹಿಂದೆ ಬಿದ್ದ ಎರಡು ತಿಂಗಳು ಪೂರ್ತಿ ತುಂಬಲಿಲ್ಲ. ಐದು ವಾರ ತಡವಾಗಿಯೇ ಕೊಟ್ಟೆವು.

ಆಮೇಲೆ ಒಂದು ತಮಾಷೆಯಾಯಿತು. ಕೇಳಿದ್ದು ಬೇಗ ಸಿಗುತ್ತದೆ ಎಂದು ಗೊತ್ತಾದ ವ್ಯಾಪಾರಿಗಳು ಹೆಚ್ಚು ಹೆಚ್ಚು ಕೇಳತೊಡಗಿದರು. ಹಲಗೆಯ ಮೇಲೆ ಆ ಬಾಣಕ್ಕೆ ಜಾಗವನ್ನೇ ಬಿಟ್ಟಿರಲಿಲ್ಲ. ಡಸ್ಟರ್ ತಂದು ಒಂದು ಮೂಲೆ ಅಳಿಸಿದೆ.